ಭಾವ ಅಮೆರಿಕದಿಂದ ಬರ್ತಿದ್ದಾರೆ: ಎಲೆಕ್ಟ್ರಿಕ್ ಗಿಟಾರ್ ಅಲ್ಲಿಂದ ತರಿಸಲಾ, ಇಲ್ಲೇ ಅಂಗಡಿಯಲ್ಲಿ ತಗೊಳ್ಳಲಾ?

ಆರುತಂತಿ, ಶಿವಮೊಗ್ಗ (14 ಸೆಪ್ಟೆಂಬರ್ 2024)

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಅಕೌಸ್ಟಿಕ್ ಗಿಟಾರ್ ನುಡಿಸುತ್ತಿದ್ದೇನೆ. ಎಲೆಕ್ಟ್ರಿಕ್ ಅಂದ್ರೆ ಕಾಲೇಜಿನಲ್ಲಿ ಗೆಳೆಯನ ಹತ್ತಿರ ಎರವಲು ತಂದು ನುಡಿಸಿದ್ದು ಅಷ್ಟೇ. ಈಗ ನನ್ನದೇ ಒಂದು ಬೇಕು. ಎರಡು ವರ್ಷ ಚೀಟಿ ಕಟ್ಟಿ ₹95,000 ಕೂಡಿಸಿದ್ದೇನೆ. ಗಿಟಾರ್, ಅದರ ದನಿ ಜೋರು ಮಾಡೋ ಆ್ಯಂಪ್ ಎರಡೂ ಅದರಲ್ಲೇ ಆಗಬೇಕು.

ಮನಸ್ಸಿನಲ್ಲಿರೋದು ಫೆಂಡರ್ ಕಂಪನಿಯ ಪ್ಲೇಯರ್ 2 ಸ್ಟ್ರಾಟೊಕ್ಯಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್). ಕಳೆದ ತಿಂಗಳಷ್ಟೇ ಬಂದಿದೆ. ಅಮೆರಿಕದಲ್ಲಿ ಸುಮಾರು 800 ಡಾಲರ್. ಬೆಂಗಳೂರಿನ ಅಂಗಡಿಯೊಂದಕ್ಕೆ ಫೋನ್ ಮಾಡಿದೆ, ₹92,000 ಅಂದರು. ನನ್ನ ಭಾವ ಷಿಕಾಗೋದಲ್ಲಿದ್ದಾರೆ, ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಾರೆ. "ನಾನೇ ತರ್ತೀನಿ, ಆ್ಯಂಪೂ ತರ್ತೀನಿ" ಅಂತಿದ್ದಾರೆ. ಅಕ್ಕ ಮಾತ್ರ "ಅಷ್ಟು ಉದ್ದದ್ದು ಹೊತ್ಕೊಂಡು ಬರೋದು ಯಾರು" ಅಂತ ಗೊಣಗುತ್ತಿದ್ದಾಳೆ.

ಅಲ್ಲಿಂದ ತರಿಸಿದವರು, ಇಲ್ಲಿ ತಗೊಂಡವರು ಇಬ್ಬರೂ ಹೇಳಿ. ಇದು ನನ್ನ ಪಾಲಿಗೆ ದೊಡ್ಡ ದುಡ್ಡು.

ಹಳೇಪಿಕ್, ಬೆಂಗಳೂರು

ಮೊದಲು ಲೆಕ್ಕ ನೋಡೋಣ. 800 ಡಾಲರ್ ಅಂದ್ರೆ ಇವತ್ತಿನ ದರದಲ್ಲಿ ಸುಮಾರು ₹67,000. ಅದರ ಮೇಲೆ ಆ ಊರಿನ ಸೇಲ್ಸ್ ಟ್ಯಾಕ್ಸ್. ಅದು ರಾಜ್ಯಕ್ಕೊಂದು ಥರ. ಆರೆಗಾನ್‌ನಲ್ಲಿ ಇಲ್ಲವೇ ಇಲ್ಲ, ಷಿಕಾಗೋ ಕಡೆ ಜಾಸ್ತಿ. 10% ಅಂತ ಹಿಡಿದರೂ ₹73,700 ಆಯಿತು.

ಇನ್ನು ವಿಮಾನ ನಿಲ್ದಾಣ. 2016ರ ಬ್ಯಾಗೇಜ್ ನಿಯಮದ ಪ್ರಕಾರ ಈಗ, 2024ರಲ್ಲಿ, ಒಬ್ಬರಿಗೆ ₹50,000 ತನಕ ಸುಂಕ ಇಲ್ಲ. ಅದಕ್ಕಿಂತ ಮೇಲಿನ ಬೆಲೆಗೆ 38.5%. ಹೆಚ್ಚಿಗೆ ಇರೋ ₹23,700ಕ್ಕೆ ಸುಮಾರು ₹9,100 ಆಗುತ್ತದೆ. ಒಟ್ಟು ₹82,800. ಇಲ್ಲಿನ ₹92,000ಕ್ಕೂ ಅದಕ್ಕೂ ವ್ಯತ್ಯಾಸ ₹9,200.

ಇದರಲ್ಲಿ ಎರಡು ಮಾತಿದೆ. ಗಂಡ ಹೆಂಡತಿ ಇಬ್ಬರ ಮಿತಿ ಸೇರಿಸಿ ಒಂದೇ ಗಿಟಾರ್‌ಗೆ ₹1,00,000 ಅಂತ ಹೇಳೋಕೆ ಬರೋದಿಲ್ಲ. ಒಬ್ಬೊಬ್ಬರ ಮಿತಿ ಬೇರೆ ಬೇರೆ. ಮತ್ತೆ ನಿಮ್ಮ ಭಾವ ಮನೆಯವರಿಗೆಲ್ಲ ಏನಾದ್ರೂ ತಂದೇ ತರುತ್ತಾರಲ್ವಾ? ವಾಚು, ಫೋನು, ಅವೂ ಅದೇ ₹50,000ದಲ್ಲೇ ಬರಬೇಕು. ಲ್ಯಾಪ್‌ಟಾಪ್ ಒಂದಕ್ಕೆ ಮಾತ್ರ ಬೇರೆ ವಿನಾಯಿತಿ ಇದೆ.

ಆ ₹9,200 ಉಳಿಸೋಕೆ ನೀವು ಬಿಟ್ಟುಕೊಡೋದು ಏನು? ಕೈಯಲ್ಲಿ ಹಿಡಿದು ನೋಡಿ ಆರಿಸೋದನ್ನ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ, ಈಗ ಆಫೀಸಿಗೆ ಹೊತ್ತಾಯಿತು.

ಮೂರನೇಫ್ರೆಟ್, ತುಮಕೂರು

ಭಾವನ ಕೈಲಿ ಹೊರಿಸೋದು ಯಾಕೆ? ಗಿಫ್ಟ್ ಅಂತ ಬರೆಸಿ ಕೊರಿಯರ್ ಮಾಡಿಸಿ. ಗಿಫ್ಟ್‌ಗೆ ಸುಂಕ ಇಲ್ಲ ಅಂತ ಕೇಳಿದ್ದೆ.

ಕಡಲತಡಿ, ಮಂಗಳೂರು

ದಯವಿಟ್ಟು ಆ ದಾರಿ ಹಿಡಿಯಬೇಡಿ. ಗಿಫ್ಟ್‌ಗೆ ಇದ್ದ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು. ರಾಖಿ ಮತ್ತು ಜೀವ ಉಳಿಸುವ ಔಷಧಿಗೆ ಮಾತ್ರ ಉಳಿದಿದೆ. ಅದಕ್ಕೆ ಮುಂಚೆಯೂ ಅದು ₹5,000ದ ಒಳಗಿನ ವಸ್ತುವಿಗೆ ಇದ್ದದ್ದು.

ನಾನು 2021ರಲ್ಲಿ ಹೊರದೇಶದ ಅಂಗಡಿಯೊಂದರಿಂದ ಕೊರಿಯರ್‌ನಲ್ಲಿ ತರಿಸಿದೆ. ಸುಂಕ ಹಾಕೋದು ಗಿಟಾರ್ ಬೆಲೆಗೆ ಮಾತ್ರ ಅಲ್ಲ, ಸಾಗಣೆ ಖರ್ಚು ಮತ್ತು ವಿಮೆ ಎಲ್ಲ ಸೇರಿಸಿದ ಮೊತ್ತಕ್ಕೆ. ಅದರ ಮೇಲೆ ಐಜಿಎಸ್‌ಟಿ ತೆರಿಗೆ. ಅದರ ಮೇಲೆ ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ. ಎಲ್ಲ ಸೇರಿ ಗಿಟಾರ್ ಬೆಲೆಯ ಅರ್ಧಕ್ಕಿಂತ ಜಾಸ್ತಿ ಕಟ್ಟಿದೆ. ಇಪ್ಪತ್ತಮೂರು ದಿನ ಗೋದಾಮಿನಲ್ಲಿ ಬಿದ್ದಿತ್ತು.

ಡಬ್ಬ ಬಿಚ್ಚಿದಾಗ ಹೊರಗೆ ಒಂದು ಗೀರೂ ಇರಲಿಲ್ಲ. ಖುಷಿಯಿಂದ ಎತ್ತಿಕೊಂಡೆ. ನೆಕ್ (ಕೈಯಲ್ಲಿ ಹಿಡಿಯೋ ಉದ್ದನೆಯ ಕತ್ತು) ಹಿಂಭಾಗದಲ್ಲಿ, ತಲೆಭಾಗ ಶುರುವಾಗೋ ಕಡೆ, ಕೂದಲೆಳೆಯಂಥ ಗೆರೆ ಕಂಡಿತು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ತಂತಿ ಬಿಗಿ ಮಾಡಿದ ಹಾಗೆ ಅದು ಸ್ವಲ್ಪ ಬಾಯಿ ಬಿಟ್ಟಿತು. ತಲೆ ಹಿಂದಕ್ಕೆ ಬಾಗಿರೋ ಮಹಾಗನಿ ನೆಕ್‌ಗಳಿಗೆ ಅದೇ ಬಲಹೀನ ಜಾಗ ಅಂತ ಆಮೇಲೆ ಗೊತ್ತಾಯಿತು. ಅಂಗಡಿಯವರು "ವಾಪಸ್ ಕಳಿಸಿ" ಅಂದರು. ಕಳಿಸೋ ಖರ್ಚು ನನ್ನದೇ, ಕಟ್ಟಿದ ಸುಂಕ ಯಾವಾಗ ವಾಪಸ್ ಬರುತ್ತೋ ಹೇಳೋರಿಲ್ಲ. ಕೊನೆಗೆ ಇಲ್ಲೇ ಅಂಟು ಹಾಕಿಸಿ ಇಟ್ಟುಕೊಂಡಿದ್ದೇನೆ. ನುಡಿಸುತ್ತದೆ, ಚೆನ್ನಾಗೇ ನುಡಿಸುತ್ತದೆ. ಆದರೆ ಪ್ರತಿ ಸಲ ಕೈಗೆತ್ತಿಕೊಂಡಾಗಲೂ ಹೆಬ್ಬೆರಳು ಅಲ್ಲಿಗೇ ಹೋಗುತ್ತದೆ.

ಸರೋವರದಂಚು, ಷಿಕಾಗೋ

ನಾನು ನಿಮ್ಮ ಭಾವನ ಊರಲ್ಲೇ ಇದ್ದೇನೆ. ಮೂರು ಸಲ ಗಿಟಾರ್ ಊರಿಗೆ ತಂದಿದ್ದೇನೆ, ಮೂರೂ ಸುಖವಾಗಿ ಬಂದಿವೆ. ಹಾಗಾಗಿ ತರಬಾರದು ಅಂತ ನಾನು ಹೇಳೋದಿಲ್ಲ. ಹೇಗೆ ತರಬೇಕು ಅನ್ನೋದನ್ನ ಹೇಳುತ್ತೇನೆ.

ಸ್ಟ್ರಾಟ್‌ಗೆ ಒಂದು ಅನುಕೂಲ ಇದೆ. ನೆಕ್ ಅನ್ನ ಬಾಡಿಗೆ ನಾಲ್ಕು ಸ್ಕ್ರೂನಲ್ಲಿ ಕೂರಿಸಿರುತ್ತಾರೆ. ತಂತಿ ಸಡಿಲ ಮಾಡಿ, ನಾಲ್ಕು ಸ್ಕ್ರೂ ಬಿಚ್ಚಿ, ಎರಡು ಭಾಗ ಮಾಡಿ ದೊಡ್ಡ ಸೂಟ್‌ಕೇಸಿನಲ್ಲಿ ಬಟ್ಟೆ ಮಧ್ಯೆ ಇಡಬಹುದು. ನಾನು ಎರಡನೇ ಸಲ ಹಾಗೇ ತಂದೆ. ನೆಕ್ ಅನ್ನ ಅಮ್ಮನಿಗೆ ತಂದ ಶಾಲಿನಲ್ಲಿ ಸುತ್ತಿದ್ದೆ. ಅಂಟು ಹಾಕಿ ಕೂರಿಸಿದ ನೆಕ್ ಇರೋ ಲೆಸ್ ಪಾಲ್ ಥರದ ಗಿಟಾರ್‌ಗೆ ಇದು ಆಗೋದಿಲ್ಲ. ಅದಕ್ಕೆ ಗಟ್ಟಿ ಹಾರ್ಡ್ ಕೇಸೇ ಬೇಕು.

ಕ್ಯಾಬಿನ್‌ನಲ್ಲಿ ತರೋದಾದರೆ, ಜಾಗ ಇದ್ದರೆ ಚಿಕ್ಕ ವಾದ್ಯಗಳನ್ನ ಒಳಗೆ ಬಿಡಬೇಕು ಅಂತ ಅಮೆರಿಕದ ವಿಮಾನ ಕಂಪನಿಗಳಿಗೆ 2015ರಿಂದ ನಿಯಮ ಇದೆ. ಅದು ಅಮೆರಿಕದ ಕಂಪನಿಗಳಿಗೆ ಮಾತ್ರ. ಕೊಲ್ಲಿ ದೇಶದ ಮೇಲೆ ಬರೋ ವಿಮಾನ ಆದ್ರೆ ಆಯಾ ಕಂಪನಿಯನ್ನೇ ಮೊದಲು ಕೇಳಬೇಕು.

ಇಲ್ಲಿ ಡಿಸೆಂಬರ್ ಅಂದ್ರೆ ಹೊರಗೆ ಹಿಮ, ಒಳಗೆ ಹೀಟರ್. ಮನೆಯ ಗಾಳಿ ಪೂರಾ ಒಣಗಿರುತ್ತದೆ. ಒಣ ಗಾಳಿಗೆ ಮರ ಕುಗ್ಗುತ್ತದೆ, ಫ್ರೆಟ್ (ನೆಕ್ ಮೇಲೆ ಅಡ್ಡಕ್ಕೆ ಇರೋ ಲೋಹದ ಪಟ್ಟಿ) ಕುಗ್ಗೋದಿಲ್ಲ. ಫ್ರೆಟ್ ತುದಿಗಳು ನೆಕ್ ಅಂಚಿನಲ್ಲಿ ಮುಳ್ಳಿನ ಹಾಗೆ ಹೊರಗೆ ಬರುತ್ತವೆ. ಊರಿಗೆ ಬಂದ ಮೇಲೂ ಕೇಸ್ ಅನ್ನ ತಕ್ಷಣ ತೆಗೆಯಬೇಡಿ. ಅರ್ಧ ದಿನ ಮುಚ್ಚಿದ ಹಾಗೇ ಇಟ್ಟು ಆಮೇಲೆ ತೆಗೆಯಿರಿ.

ಅಮೆರಿಕದಿಂದ ತರಿಸೋದರಲ್ಲಿ ನನಗೆ ನಿಜವಾಗಿ ಇಷ್ಟ ಆಗಿದ್ದು ಆಯ್ಕೆ. ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿರೋ ಸ್ವೀಟ್‌ವಾಟರ್ ಅಂಗಡಿಯವರು ಅನೇಕ ಗಿಟಾರ್‌ಗಳಿಗೆ ಒಂದೊಂದಕ್ಕೂ ಬೇರೆ ಫೋಟೊ, ಸೀರಿಯಲ್ ನಂಬರ್, ತೂಕ ಹಾಕುತ್ತಾರೆ. ಮರದ ಗೆರೆ ನೋಡಿ ಆರಿಸಬಹುದು.

ತಂತಿರಿಪೇರಿ, ಬೆಂಗಳೂರು

ಗಿಟಾರ್ ರಿಪೇರಿಯೇ ನನ್ನ ಕಸುಬು. ಆ್ಯಂಪ್ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕಂದ್ರೆ ಅದು ಅಪಾಯದ್ದು. ಅಮೆರಿಕದಿಂದ ಆ್ಯಂಪ್ ತರಿಸಬೇಡಿ. ಅಲ್ಲಿ ಕರೆಂಟು 120 ವೋಲ್ಟ್, ನಮ್ಮಲ್ಲಿ 230. ಹೋದ ವರ್ಷ ಒಬ್ಬರು ಹೊಸ ವಾಲ್ವ್ ಆ್ಯಂಪ್ ತಂದು, ಪ್ಲಗ್ಗಿಗೆ ಅಡಾಪ್ಟರ್ ಹಾಕಿ ಸ್ವಿಚ್ ಒತ್ತಿದರು. ಪಿನ್ ಆಕಾರ ಬದಲಿಸೋ ಅಡಾಪ್ಟರ್ ವೋಲ್ಟೇಜ್ ಬದಲಿಸೋದಿಲ್ಲ. ನನ್ನ ಹತ್ತಿರ ಬಂದಾಗ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಇನ್ನೂ ಇತ್ತು. ದನಿ ಬದಲಿಸೋಕೆ ಕಾಲಲ್ಲಿ ಒತ್ತೋ ಪೆಡಲ್‌ಗಳ ಅಡಾಪ್ಟರ್ ಮೇಲೆ 100ರಿಂದ 240 ಅಂತ ಬರೆದಿದ್ದರೆ ಪರವಾಗಿಲ್ಲ, 120 ಅಂತ ಮಾತ್ರ ಇದ್ದರೆ ಬೇಡ. ಗಿಟಾರ್‌ಗೆ ಈ ತೊಂದರೆ ಇಲ್ಲ, ಅದಕ್ಕೆ ಗೋಡೆಯ ಕರೆಂಟೇ ಬೇಡ.

ಎರಡನೇದು ಸೆಟಪ್, ಅಂದ್ರೆ ಗಿಟಾರನ್ನ ನುಡಿಸೋಕೆ ಹದ ಮಾಡೋದು. ಹೊಸ ಗಿಟಾರ್ ಅಂದ್ರೆ ತಯಾರಾದ ಗಿಟಾರ್ ಅಂತ ಜನ ತಿಳಿದಿದ್ದಾರೆ. ಫ್ಯಾಕ್ಟರಿ ಬಿಟ್ಟು ಹಡಗು, ಗೋದಾಮು, ಅಂಗಡಿ ಸುತ್ತಿ ಬರೋ ಹೊತ್ತಿಗೆ ನೆಕ್ ಸ್ವಲ್ಪ ಬಾಗಿಯೇ ಇರುತ್ತದೆ. ನಾನು ಮಾಡೋದು ಇಷ್ಟು. ದಪ್ಪ ತಂತಿಯನ್ನ ಮೊದಲ ಫ್ರೆಟ್‌ನಲ್ಲಿ ಒಂದು ಬೆರಳು, ಕೊನೇ ಕಡೆ ಇನ್ನೊಂದು ಬೆರಳಿಟ್ಟು ಒತ್ತಿ ಹಿಡಿಯುತ್ತೇನೆ. ಆಗ ತಂತಿಯೇ ಅಳತೆಗೋಲು. ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ ನೋಡುತ್ತೇನೆ. ಸುಮಾರು ಕಾಲು ಮಿಲಿಮೀಟರ್ ಇದ್ದರೆ ಸರಿ, ವಿಸಿಟಿಂಗ್ ಕಾರ್ಡಿನ ದಪ್ಪ ಅಂತ ಇಟ್ಟುಕೊಳ್ಳಿ. ಇನ್ನೂ ಜಾಸ್ತಿ ಇದ್ದರೆ ನೆಕ್ ಒಳಗಿರೋ ಲೋಹದ ಸರಳು, ಅಂದ್ರೆ ಟ್ರಸ್ ರಾಡ್ ಬಿಗಿ ಮಾಡಬೇಕು. ಆಮೇಲೆ 12ನೇ ಫ್ರೆಟ್ ಮೇಲೆ ತಂತಿಯ ಎತ್ತರ, 1.6 ಮಿಲಿಮೀಟರ್ ಆಸುಪಾಸು. ಆಮೇಲೆ ನಟ್ (ತಲೆಭಾಗದ ಹತ್ತಿರ ತಂತಿ ಕೂರೋ ಪಟ್ಟಿ), ಆಮೇಲೆ ಇಂಟೋನೇಶನ್ (ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿ ಇದೆಯಾ ಅಂತ). ಹೊರಗಿಂದ ತಂದರೂ ಇಲ್ಲಿ ತಗೊಂಡರೂ ಇದು ಆಗಲೇಬೇಕು. ಒಳ್ಳೇ ಅಂಗಡಿಯವರು ಮಾರುವಾಗಲೇ ಮಾಡಿಕೊಡುತ್ತಾರೆ. ತಗೊಳ್ಳೋ ಮುಂಚೆ ಕೇಳಿ.

ವಾರಂಟಿಯೂ ಹಾಗೇ. ಸಾಮಾನ್ಯವಾಗಿ ಅದು ತಗೊಂಡ ದೇಶದಲ್ಲಷ್ಟೇ ನಡೆಯುತ್ತದೆ. ಷಿಕಾಗೋ ಬಿಲ್ ಹಿಡಿದು ಇಲ್ಲಿನ ಡೀಲರ್ ಹತ್ತಿರ ಹೋದರೆ ಪಾಪ ಅವರಾದರೂ ಏನು ಮಾಡಿಯಾರು?

ಎಡಗೈ, ಹುಬ್ಬಳ್ಳಿ

ಎಲ್ಲರೂ ಇಲ್ಲೇ ತಗೊಳ್ಳಿ ಅಂತಿದ್ದೀರಿ. ನನ್ನಂಥವರ ಕಷ್ಟವನ್ನೂ ಸ್ವಲ್ಪ ಕೇಳಿ. ನಾನು ಎಡಗೈಯಲ್ಲಿ ನುಡಿಸುವವನು. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಸುತ್ತಿದೆ. ಹೆಚ್ಚಿನ ಕಡೆ ಎಡಗೈಯದ್ದು ಒಂದೂ ಇರಲಿಲ್ಲ, ಒಂದು ಕಡೆ ಒಂದೇ ಒಂದು ಕಪ್ಪು ಬಣ್ಣದ್ದು ಇತ್ತು. "ಆರ್ಡರ್ ಕೊಡಿ, ಬಂದಾಗ ಬರುತ್ತೆ" ಅಂದರು. ನೋಡದೇ ತಗೊಳ್ಳೋದೇ ಆದ್ರೆ ಇಲ್ಲಾದರೇನು, ಅಲ್ಲಾದರೇನು?

2023ರಲ್ಲಿ ಕೆಲಸದ ಮೇಲೆ ಟೋಕಿಯೋಗೆ ಹೋಗಿದ್ದೆ. ಅಲ್ಲಿ ಒಚನೊಮಿಝು ಅಂತ ಒಂದು ಕಡೆ ಇದೆ. ನಮ್ಮ ಬೆಂಗಳೂರಿನ ಬಳೇಪೇಟೆಯಲ್ಲಿ ವೀಣೆ, ತಬಲ, ಹಾರ್ಮೋನಿಯಂ ಅಂಗಡಿ ಸಾಲಾಗಿ ಇರುವ ಹಾಗೆ ಅಲ್ಲಿ ಬೀದಿಯ ಉದ್ದಕ್ಕೂ ಗಿಟಾರ್ ಅಂಗಡಿಗಳು. ಎಡಗೈ ಗಿಟಾರ್‌ಗಳು ಸಾಲಾಗಿ ತೂಗುಹಾಕಿದ್ದನ್ನ ಜೀವನದಲ್ಲಿ ಮೊದಲ ಸಲ ನೋಡಿದೆ. ನಿಂತುಬಿಟ್ಟೆ. ಯೆನ್ ಬೆಲೆಯೂ ಬಿದ್ದಿತ್ತು. ಪಾಸ್‌ಪೋರ್ಟ್ ತೋರಿಸಿದ್ದಕ್ಕೆ ಅವರ 10% ತೆರಿಗೆ ಅಂಗಡಿಯಲ್ಲೇ ಬಿಟ್ಟರು. ಜಪಾನಿನಲ್ಲೇ ಮಾಡಿದ ಫೆಂಡರ್, ಐದು ನುಡಿಸಿ ನೋಡಿ ಒಂದು ಆರಿಸಿದೆ. ಬೆಂಗಳೂರಲ್ಲಿ ಇಳಿದು ಕೆಂಪು ಚಾನೆಲ್‌ಗೆ ಹೋಗಿ ಬಿಲ್ ಕೊಟ್ಟು ಸುಂಕ ಕಟ್ಟಿದೆ. ಅರ್ಧ ಗಂಟೆ ಕೆಲಸ.

ಮೂರನೇಫ್ರೆಟ್, ತುಮಕೂರು

ಗಿಫ್ಟ್ ವಿಷಯ ತಿದ್ದಿದ್ದಕ್ಕೆ ಥ್ಯಾಂಕ್ಸ್ ಕಡಲತಡಿ ಸರ್. ಆದರೆ ಕೆಂಪು ಚಾನೆಲ್‌ಗೆ ಹೋಗಲೇಬೇಕಾ? ಎರಡು ಸಲ ನುಡಿಸಿ, ಹಳೇದು ಅಂತ ಹೇಳಿದರೆ ಬಿಡ್ತಾರಂತೆ.

ಹಳೇಪಿಕ್, ಬೆಂಗಳೂರು

ಬೇಡ ತಮ್ಮಾ. ಸಿಕ್ಕಿಬಿದ್ದರೆ ನಿಲ್ಲೋರು ಭಾವ, ನಾವಲ್ಲ. ನಮ್ಮ ₹9,000ಕ್ಕೆ ಇನ್ನೊಬ್ಬರ ಪಾಸ್‌ಪೋರ್ಟ್ ಕೌಂಟರ್ ಮೇಲೆ ಇಡಿಸೋದು ಸರಿಯಲ್ಲ. ಬಿಲ್ ತೋರಿಸಿ ಕಟ್ಟಿದರೆ ರಸೀದಿ ಸಿಗುತ್ತದೆ. ಮುಂದೆ ಮಾರುವಾಗಲೂ ಅದು ಬೆಲೆಬಾಳುತ್ತದೆ.

ಆವತ್ತು ಅರ್ಧಕ್ಕೆ ಬಿಟ್ಟ ಮಾತು. ಒಂದೇ ಮಾಡೆಲ್, ಒಂದೇ ಬಣ್ಣ, ಒಂದೇ ಫ್ಯಾಕ್ಟರಿ, ಆದರೂ ಎರಡು ಗಿಟಾರ್ ಒಂದೇ ಥರ ಇರೋದಿಲ್ಲ. ಒಂದು 3.3 ಕಿಲೋ, ಪಕ್ಕದ್ದು 3.8 ಕಿಲೋ. ಒಂದರ ನೆಕ್ ಕೈಗೆ ಬಂದು ಕೂರುತ್ತದೆ, ಇನ್ನೊಂದು ಯಾಕೋ ದೂರ ಅನ್ನಿಸುತ್ತದೆ. ಫೋಟೊದಲ್ಲಿ ಮರದ ಗೆರೆ ಕಾಣುತ್ತದೆ, ಇದು ಕಾಣೋದಿಲ್ಲ. ಎಡಗೈಯವರು ಟೋಕಿಯೋದಲ್ಲಿ ಮಾಡಿದ್ದೂ ಇದನ್ನೇ ಅಲ್ವಾ? ಐದು ಹಿಡಿದು ನೋಡಿ ಒಂದು ಆರಿಸಿದರು. ಹಾಗಾಗಿ ನನ್ನ ಲೆಕ್ಕದಲ್ಲಿ ಇದು ಹೊರದೇಶವಾ ಊರಾ ಅನ್ನೋ ಪ್ರಶ್ನೆ ಅಲ್ಲ. ನುಡಿಸಿ ನೋಡಿ ತಗೊಳ್ಳೋದಾ, ನೋಡದೇ ತಗೊಳ್ಳೋದಾ ಅನ್ನೋದು.

ಆರುತಂತಿ ಅವರೇ, ನೀವು ಎಲೆಕ್ಟ್ರಿಕ್‌ನಲ್ಲಿ ಎಷ್ಟು ಥರದ ನೆಕ್ ಹಿಡಿದಿದ್ದೀರಿ? ನನ್ನ ಇಪ್ಪತ್ತು ವರ್ಷದಲ್ಲಿ ನಾನು ನೋಡದೇ ತರಿಸಿದ ಎರಡೂ ಗಿಟಾರ್ ಮಾರಿಬಿಟ್ಟೆ. ಅಂಗಡಿಯಲ್ಲಿ ಕೂತು ಆರಿಸಿದ ಒಂದು ಈಗಲೂ ಮಂಚದ ಪಕ್ಕದಲ್ಲೇ ಇದೆ.

ದಾವಣಗೆರೆಅಮ್ಮ

ನಡುವೆ ಕೇಳುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ. ಮಗಳಿಗೆ 14 ವರ್ಷ, ಎಲೆಕ್ಟ್ರಿಕ್ ಗಿಟಾರ್ ಬೇಕು ಅಂತ ಹಟ ಹಿಡಿದಿದ್ದಾಳೆ. ₹25,000 ತನಕ ಆಗಬಹುದು. ನನ್ನ ತಮ್ಮ ದುಬೈನಲ್ಲಿದ್ದಾನೆ, ಅಲ್ಲಿಂದ ತರಿಸಿದರೆ ಅಗ್ಗವಾ?

ತಂತಿರಿಪೇರಿ, ಬೆಂಗಳೂರು

ಬೇಸರ ಯಾಕಮ್ಮ. ದುಬೈನಲ್ಲಿ ತೆರಿಗೆ 5% ಅಷ್ಟೇ, ನಿಜ. ಆದರೆ ಈ ಬೆಲೆಯ ಗಿಟಾರ್‌ಗೆ ಉಳಿಯೋದು ತೀರಾ ಕಮ್ಮಿ. ಹೆಚ್ಚಿನವು ಇಂಡೋನೇಷ್ಯಾ, ಚೀನಾದಲ್ಲಿ ಆಗಿ ಎರಡೂ ಕಡೆಗೆ ಬರುತ್ತವೆ. ಇಲ್ಲೇ ತಗೊಳ್ಳಿ. ಯಮಹಾ ಪೆಸಿಫಿಕಾ, ಸ್ಕ್ವಯರ್ (ಫೆಂಡರ್‌ನವರದ್ದೇ ಅಗ್ಗದ ಬ್ರಾಂಡ್), ಐಬನೇಜ್ ಜಿಯೋ ಇವನ್ನ ನೋಡಿ. ಮಗಳನ್ನ ಕರೆದುಕೊಂಡು ಹೋಗಿ. ಅವಳು ಕೂತು ತೊಡೆ ಮೇಲೆ ಇಟ್ಟುಕೊಳ್ಳಲಿ. ಭಾರ ಆಗುತ್ತಾ, ಮೊದಲ ಫ್ರೆಟ್‌ಗೆ ಕೈ ಆರಾಮಾಗಿ ಹೋಗುತ್ತಾ ನೋಡಿ. ಮತ್ತೆ ಬಣ್ಣ ಅವಳಿಗೇ ಬಿಡಿ. ಇಷ್ಟದ ಬಣ್ಣ ಇದ್ದರೆ ಮಕ್ಕಳು ದಿನಾ ಎತ್ತಿಕೊಳ್ಳುತ್ತಾರೆ, ಇದು ನಾನು ಕಣ್ಣಾರೆ ಕಂಡಿದ್ದು. ಹೆಡ್‌ಫೋನ್ ಹಾಕಬಹುದಾದ ಸಣ್ಣ ಆ್ಯಂಪ್‌ಗೆ ಸ್ವಲ್ಪ ದುಡ್ಡು ಉಳಿಸಿಕೊಳ್ಳಿ.

ಬೀಟೆಮರ, ಸಿರಸಿ

ಪ್ಲೇಯರ್ 2ರಲ್ಲಿ ರೋಸ್‌ವುಡ್ ಫ್ರೆಟ್‌ಬೋರ್ಡ್ (ಫ್ರೆಟ್ ಕೂರಿಸೋ ಮರದ ಹಲಗೆ) ವಾಪಸ್ ಬಂದಿದೆ ಅಂತ ಓದಿ ಇದನ್ನ ಬರೆಯುತ್ತಿದ್ದೇನೆ. ರೋಸ್‌ವುಡ್ ಅಂದ್ರೆ ನಮ್ಮ ಬೀಟೆ. ಪಶ್ಚಿಮ ಘಟ್ಟದ ಮರ, ಮೈಸೂರಿನ ಕುಸುರಿ ಕೆಲಸದವರು ಬಳಸುವ ಅದೇ ಮರ. 2017ರ ಜನವರಿಯಲ್ಲಿ, ಅಪಾಯದಲ್ಲಿರೋ ಪ್ರಾಣಿ, ಗಿಡಮರಗಳ ವ್ಯಾಪಾರ ಹಿಡಿತದಲ್ಲಿಡೋ ಸೈಟ್ಸ್ ಒಪ್ಪಂದದ ಪಟ್ಟಿಗೆ ಬೀಟೆಯ ಇಡೀ ಕುಲವೇ ಸೇರಿತು. ಗಿಟಾರ್ ಗಡಿ ದಾಟಬೇಕಾದರೂ ಕಾಗದಪತ್ರದ ತಲೆನೋವು. ಆಗ ಕಂಪನಿಗಳು ಬೇರೆ ಮರಕ್ಕೆ ಹೋದವು. 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಭಾವ ತಂದರೂ ಈಗ ಆ ಭಯ ಇಲ್ಲ. ಬ್ರೆಜಿಲ್‌ನ ರೋಸ್‌ವುಡ್ ಇರೋ ಹಳೇ ಗಿಟಾರ್ ಮಾತ್ರ ಬೇರೆ, ಅದು 1992ರಿಂದ ಬಿಗಿ ಪಟ್ಟಿಯಲ್ಲಿದೆ.

ಸ್ಕ್ವಯರ್‌ನವರು ಬದಲಿಗೆ ಹಿಡಿದ ಮರ ಯಾವುದು ಗೊತ್ತಾ? ಇಂಡಿಯನ್ ಲಾರೆಲ್. ಅಂದ್ರೆ ನಮ್ಮ ಮತ್ತಿ ಮರ. ಮೊಸಳೆ ಚರ್ಮದ ಹಾಗೆ ತೊಗಟೆ ಒಡೆದಿರುತ್ತಲ್ಲ, ಅದೇ. ನಮ್ಮ ಅಜ್ಜನ ಮನೆಯ ತೊಲೆಗಳೆಲ್ಲ ಮತ್ತಿಯವೇ.

ಆರುತಂತಿ, ಶಿವಮೊಗ್ಗ (24 ನವೆಂಬರ್ 2024)

ಎಲ್ಲರಿಗೂ ತಡವಾಗಿ ಉತ್ತರ. ಹೋದ ಶನಿವಾರ ಬೆಳಗಿನ ಜನಶತಾಬ್ದಿಗೆ ಬೆಂಗಳೂರಿಗೆ ಹೋದೆ. ಎರಡು ಅಂಗಡಿ, ಒಟ್ಟು ಐದೂವರೆ ಗಂಟೆ.

ಪ್ಲೇಯರ್ 2 ಎರಡು ಇದ್ದವು. ಹಳೇಪಿಕ್ ಸರ್ ಹೇಳಿದ್ದು ನಿಜ, ಎರಡೂ ಬೇರೆ ಬೇರೆ ಗಿಟಾರೇ. ಒಂದು ಚೆನ್ನಾಗಿತ್ತು, ಒಂದು ಭಾರ. ಪಕ್ಕದಲ್ಲಿ ಸ್ಕ್ವಯರ್ ಕ್ಲಾಸಿಕ್ ವೈಬ್ 60ರ ಸ್ಟ್ರಾಟ್ ಇತ್ತು. ಇಂಡೋನೇಷ್ಯಾದ್ದು. ಸುಮ್ನೆ ಹೋಲಿಸೋಕೆ ಅಂತ ಎತ್ತಿಕೊಂಡೆ. ಆ್ಯಂಪ್‌ಗೆ ಹಾಕದೇ ಮೊದಲು ಹಾಗೇ ನುಡಿಸಿದೆ. ಬಾಡಿ ಹೊಟ್ಟೆಗೆ ತಾಗಿದ ಕಡೆ ಕಂಪನ ಗೊತ್ತಾಗುತ್ತಿತ್ತು. 12ನೇ ಫ್ರೆಟ್‌ನಲ್ಲಿ ಸಣ್ಣ ತಂತಿ ಪೂರಾ ಎಳೆದು ನೋಡಿದೆ, ಸ್ವರ ಸಾಯಲಿಲ್ಲ. ನೆಕ್ ಅಂಚಿನಲ್ಲಿ ಬೆರಳು ಉದ್ದಕ್ಕೂ ಎಳೆದೆ. ಮೇಲ್ಗಡೆ ಎರಡು ಫ್ರೆಟ್ ತುದಿ ಸ್ವಲ್ಪ ಚುಚ್ಚಿತು. ಹೇಳಿದೆ. ಅಂಗಡಿಯ ಹುಡುಗ ಸಣ್ಣ ಅರ ತಂದು ನನ್ನ ಕಣ್ಣೆದುರೇ ಉಜ್ಜಿ, ಬಟ್ಟೆಯಲ್ಲಿ ಒರೆಸಿ, "ಈಗ ನೋಡಿ ಸರ್" ಅಂತ ಕೊಟ್ಟ.

ಮತ್ತೆ ಪ್ಲೇಯರ್ 2 ತಗೊಂಡೆ, ಮತ್ತೆ ಇದು. ನಾಲ್ಕು ಸಲ ಹಾಗೆ ಮಾಡಿದೆ. ಅವರು ಒಂದು ಸಲವೂ ಮುಖ ಸಿಂಡರಿಸಲಿಲ್ಲ, ಟೀ ತರಿಸಿಕೊಟ್ಟರು. ಕೊನೆಗೆ ನನ್ನ ಕೈ ಸ್ಕ್ವಯರ್ ಅನ್ನೇ ಕೇಳಿತು. ₹47,000. ಸೆಟಪ್ ಅಲ್ಲೇ ಮಾಡಿಕೊಟ್ಟರು. ಉಳಿದ ದುಡ್ಡಲ್ಲಿ 230 ವೋಲ್ಟಿನ ಒಳ್ಳೇ ಆ್ಯಂಪ್ ಒಂದು ಬಂತು. ಚೀಟಿ ದುಡ್ಡಲ್ಲಿ ಇನ್ನೂ ಸ್ವಲ್ಪ ಇದೆ.

ಬೀಟೆಮರ ಅವರೇ, ಫ್ರೆಟ್‌ಬೋರ್ಡ್ ಲಾರೆಲ್. ರಾತ್ರಿ ಅಪ್ಪನಿಗೆ ತೋರಿಸಿ "ಇದು ಮತ್ತಿ" ಅಂದೆ. ಅವರು ಕನ್ನಡಕ ಹಾಕಿಕೊಂಡು ಬೆರಳಲ್ಲಿ ಸವರಿ "ಹೌದಲ್ಲೋ" ಅಂದರು. ಗಿಟಾರ್ ಅಂದ್ರೆ ಅವರು ಇಷ್ಟು ವರ್ಷದಲ್ಲಿ ಹತ್ತಿರ ಬಂದು ನೋಡಿದ್ದು ಅದೇ ಮೊದಲು.

ಭಾವನಿಗೆ ನಾಲ್ಕು ಸೆಟ್ ತಂತಿ, ಒಂದು ಕ್ಲಿಪ್ ಟ್ಯೂನರ್ ತರೋಕೆ ಹೇಳಿದ್ದೇನೆ. ಅಕ್ಕನಿಗೂ ಸಮಾಧಾನ.

ಒಂದೇ ಪ್ರಶ್ನೆ ಉಳಿದಿದೆ. ನಮ್ಮಲ್ಲಿ ಜೂನ್‌ನಿಂದ ಮಳೆ ನಿಲ್ಲೋದಿಲ್ಲ. ಹೇಗೆ ನೋಡಿಕೊಳ್ಳಲಿ?

ಕಡಲತಡಿ, ಮಂಗಳೂರು

ತುಂಬಾ ಸಂತೋಷ ಆಯಿತು. ಮಳೆಗಾಲದಲ್ಲಿ ಗೋಡೆಗೆ ತೂಗುಹಾಕಬೇಡಿ, ಅದರಲ್ಲೂ ಹೊರಗೋಡೆಗೆ ಬೇಡವೇ ಬೇಡ. ನುಡಿಸಿದ ಮೇಲೆ ತಂತಿ ಒರೆಸಿ, ಬ್ಯಾಗಿಗೆ ಹಾಕಿ ಜಿಪ್ ಎಳೆದಿಡಿ. ಒಳಗೆ ಎರಡು ದೊಡ್ಡ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತೇವ ಅಳೆಯೋ ಸಣ್ಣ ಮೀಟರ್ ಸಿಗುತ್ತದೆ. 45ರಿಂದ 55% ಇದ್ದರೆ ಚೆನ್ನ. ನಮ್ಮ ಕಡೆ ಜುಲೈನಲ್ಲಿ ಅದು ಆಗದ ಮಾತು, 65ರ ಒಳಗೆ ಹಿಡಿದರೂ ನಾನು ನೆಮ್ಮದಿಯಾಗಿ ಮಲಗುತ್ತೇನೆ.

ತಂತಿರಿಪೇರಿ, ಬೆಂಗಳೂರು

ಫೆಬ್ರವರಿಯಲ್ಲಿ ಗಾಳಿ ಒಣಗಿದಾಗ ಒಂದು ಸಲ, ಜುಲೈನಲ್ಲಿ ಒಂದು ಸಲ ನೆಕ್ ನೋಡಿ. ದಪ್ಪ ತಂತಿ ಒತ್ತಿ ನೋಡೋದು ಹೇಳಿದ್ದೆನಲ್ಲ, ಹಾಗೆ. ಟ್ರಸ್ ರಾಡ್ ತಿರುಗಿಸಬೇಕಾದರೆ ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಮಾತ್ರ, ಆಮೇಲೆ ಒಂದು ದಿನ ಬಿಟ್ಟು ನೋಡಿ. ಬ್ಯಾಗಿನಲ್ಲಿ ಕೊಟ್ಟಿರೋ ಅಲೆನ್ ಕೀಯನ್ನೇ ಬಳಸಿ. ಬೇರೆ ಅಳತೆಯದ್ದು ಹಾಕಿದರೆ ಟ್ರಸ್ ರಾಡ್ ತುದಿಯ ನಟ್ ಸವೆಯುತ್ತದೆ. ಕೈ ನಡುಗಿದರೆ ಬಿಟ್ಟುಬಿಡಿ, ಜನಶತಾಬ್ದಿ ಹತ್ತಿ ಬನ್ನಿ, ನಾನು ನೋಡಿಕೊಡುತ್ತೇನೆ.